ಹ್ಯಾಂಡಲ್‌ಗೆ ಕಟ್ಟಿದ್ದ ಸೊಪ್ಪು

ಈಚೆಗೆ ಸಕಲೇಶಪುರದಾಚೆ ಮಗಳ ಮನೆಗೆ ಹೊರಟಿದ್ದೆ. ಆನೇಮಹಲ್ ಹತ್ತಿರ ಬಸ್ಸು ನಿಂತುಬಿಟ್ಟಿತು. ಹಿಂದಿನ ದಿನದ ಗಾಳಿಮಳೆಗೆ ದೊಡ್ಡದೊಂದು ಮರ ರಸ್ತೆಗಡ್ಡ ಮಲಗಿತ್ತು. ನಾಲ್ಕು ಜನ ಗರಗಸದ ಮಿಷನ್ನು ಹಿಡಿದು ಕೊಯ್ಯುತ್ತಿದ್ದರು. ಬಸ್ಸಿನಲ್ಲಿದ್ದವರೆಲ್ಲ ಇಳಿದು ನೋಡಲು ಹೋದರು, ನಾನೂ ಹೋದೆ. ಹರಿದ ಎಲೆ, ಸಿಗಿದ ಹಸಿ ಕೊಂಬೆ, ಅದರ ಮೇಲೆ ಬಿಸಿಲು. ಆ ಘಾಟು ಮೂಗಿಗೆ ಬಡಿಯುತ್ತಲೇ ತಿರುಗಿ ಬಂದು ಬಸ್ಸು ಹತ್ತಿ ಗಾಜು ಮುಚ್ಚಿಕೊಂಡು ಕೂತೆ. ಮಗಳ ಮನೆಯಲ್ಲಿ ಊಟ ಸೇರಲಿಲ್ಲ. "ಯಾಕಪ್ಪ?" ಅಂದಳು. "ಬಸ್ಸು ಅಲ್ಲಾಡಿಸಿ ಹಾಕ್ತು ಕಣವ್ವ" ಅಂದೆ. ಸುಳ್ಳು ಹೇಳುವುದು ನನಗೇನೂ ಹೊಸದಲ್ಲ.

ಇಪ್ಪತ್ತೈದು ವರ್ಷದ ಮೇಲಾಯಿತು. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಪಾಳ್ಯದ ಕಡೆ, ಗದ್ದೆ ಮುಗಿದು ಕಾಫಿ ಶುರುವಾಗುವ ಗಡಿಯಲ್ಲಿ ನಮ್ಮ ಊರು. ಊರ ಬಾಗಿಲಲ್ಲೇ ನನ್ನ ಹಿಟ್ಟಿನ ಮಿಲ್ಲು. ಎಸ್ಸೆಸ್ಸೆಲ್ಸಿ ಎರಡು ಸಲ ಕೂತು ಎರಡು ಸಲವೂ ಎದ್ದುಬಂದವನಿಗೆ ನಮ್ಮಪ್ಪ ಹಾಕಿಕೊಟ್ಟಿದ್ದು. ಒಂದು ಮೋಟಾರು, ಎರಡು ಬೀಸುವ ಕಲ್ಲು, ತಗಡಿನ ಮಾಡು. ಸುತ್ತ ನಾಲ್ಕೈದು ಹಳ್ಳಿಯ ರಾಗಿ ನನ್ನ ಕೈ ಮೇಲೆ ಹಾದುಹೋಗುತ್ತಿತ್ತು. ತಲೆ, ಹುಬ್ಬು, ಮೀಸೆ ಎಲ್ಲ ಹಿಟ್ಟು ಮೆತ್ತಿಕೊಂಡು, ಮೂವತ್ತೈದಕ್ಕೇ ಮುದುಕನ ಹಾಗೆ ಕಾಣುತ್ತಿದ್ದೆ. ಊರಿನವರಿಗೆ ನಾನು ಮಿಲ್ ಶಿವಣ್ಣ.

ಮಿಲ್ಲಿನ ಪಕ್ಕದಲ್ಲೇ ಊರಿನ ಟಿಸಿ, ಅದೇ, ಕರೆಂಟಿನ ಟ್ರಾನ್ಸ್‌ಫಾರ್ಮರು. ಅದರ ಕಂಬದಲ್ಲಿ ಕೈಗೆಟುಕುವ ಎತ್ತರಕ್ಕೆ ಒಂದು ಕಬ್ಬಿಣದ ಹ್ಯಾಂಡಲ್. ಕೆಳಕ್ಕೆಳೆದರೆ ಇಡೀ ಊರಿಗೆ ಕರೆಂಟು ಬಂದ್, ಮೇಲಕ್ಕೆ ತಳ್ಳಿದರೆ ಬಂತು. ಅದಕ್ಕೆ ಬೀಗ ಇರಬೇಕಿತ್ತು. ಯಾವ ಕಾಲದಲ್ಲೋ ಬೀಗ ತುಕ್ಕು ಹಿಡಿದು ಒಡೆದುಹೋಗಿ, ಹೊಸದು ಬಂದಿರಲೇ ಇಲ್ಲ. ಬೀಗದ ಬದಲು ನಮ್ಮ ಲೈನ್‌ಮ್ಯಾನ್ ಈರಣ್ಣ ಒಂದು ಪದ್ಧತಿ ಮಾಡಿಕೊಂಡಿದ್ದ. ಕಂಬ ಹತ್ತುವ ಮುಂಚೆ ಹ್ಯಾಂಡಲ್ ಕೆಳಗೆಳೆದು, ಬೇಲಿಯಿಂದ ಒಂದು ಹಿಡಿ ಲಕ್ಕಿ ಸೊಪ್ಪು ಮುರಿದು, ಬಾಳೆನಾರಿನಲ್ಲಿ ಎರಡು ಸುತ್ತು ಸುತ್ತಿ ಹ್ಯಾಂಡಲ್‌ಗೆ ಕಟ್ಟುತ್ತಿದ್ದ. ಲಾರಿ ಕೆಟ್ಟು ನಿಂತರೆ ರಸ್ತೆಗೆ ಸೊಪ್ಪು ಹಾಕುತ್ತಾರಲ್ಲ, ಹಾಗೆ. ಸೊಪ್ಪು ಇದ್ದರೆ ಲೈನಿನ ಮೇಲೆ ಮನುಷ್ಯ ಇದ್ದಾನೆ ಎಂದು ಅರ್ಥ. ಕಟ್ಟಿದವನೇ ಬಂದು ಬಿಚ್ಚಬೇಕು, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಓದು ಬಾರದವರಿಗೂ ತಿಳಿಯುವ ಬೋರ್ಡು ಅದು. ನಮ್ಮೂರ ಮಕ್ಕಳು ಸಹ ಆ ಕಂಬದ ಹತ್ತಿರ ಹೋದರೆ ಮೊದಲು ಸೊಪ್ಪು ಐತಾ ಅಂತ ನೋಡುತ್ತಿದ್ದವು.

ಆ ವರ್ಷ ಭರಣಿ ಮಳೆ ಒಂದು ಮಧ್ಯಾಹ್ನ ನಾಲ್ಕು ಗಂಟೆಗೆ ಬಂತು. ಬಂತು ಅನ್ನುವುದಕ್ಕಿಂತ ಮೇಲೆ ಬಿತ್ತು. ಬೆಳಗಿನಿಂದ ಒಂದು ಎಲೆ ಅಲ್ಲಾಡಿರಲಿಲ್ಲ. ದನಗಳು ಕೊಟ್ಟಿಗೆ ಬಿಟ್ಟು ಹೊರಡಲು ಒಪ್ಪಿರಲಿಲ್ಲ. ಮೊದಲು ಆಣೆಕಲ್ಲು ಬಿತ್ತು, ನಿಂಬೆಹಣ್ಣಿನ ಗಾತ್ರದ್ದು. ನನ್ನ ಹೆಂಡತಿ ಜಯ, ಅವಳ ಅಜ್ಜಿ ಮಾಡುತ್ತಿದ್ದ ಹಾಗೆ, ಒಂದು ಕತ್ತಿಯನ್ನು ಅಂಗಳಕ್ಕೆ ಎಸೆದಳು, ಮಳೆ ಅಂಜಿ ನಿಲ್ಲಲಿ ಅಂತ. ಅದು ಅಂಜಲಿಲ್ಲ. ಹಿಂದಿನಿಂದ ಗಾಳಿ ಬಂತು. ಕಾಫಿ ತೋಟದ ಸಿಲ್ವರ್ ಮರಗಳು ಸಾಲಾಗಿ ಮುರಿಯುವ ಸದ್ದು ನಮ್ಮ ಕಡೆಗೇ ನಡೆದುಬರುತ್ತಿತ್ತು. ಮಿಲ್ಲಿನ ಮಾಡಿನ ಒಂದು ಮಗ್ಗುಲಿನ ತಗಡು ಕಿತ್ತು ಹಾರಿ ಹೋಗಿ ಕೆರೆಯಲ್ಲಿ ಬಿತ್ತು. ಎಲ್ಲ ಮುಕ್ಕಾಲು ಗಂಟೆ, ಅಷ್ಟೆ.

ಹೊರಗೆ ಬಂದು ನೋಡಿದರೆ ಊರೇ ಹಸಿರಾಗಿಬಿಟ್ಟಿತ್ತು. ಹರಿದ ಎಲೆ ಗೋಡೆಗೆ ಮೆತ್ತಿತ್ತು, ಹೆಂಚಿಗೆ ಮೆತ್ತಿತ್ತು, ದನದ ಬೆನ್ನಿಗೆ, ಬಸವನ ಗುಡಿಯ ಬಾಗಿಲಿಗೆ, ಕಂಬ ತಂತಿಗೆಲ್ಲ ಮೆತ್ತಿತ್ತು. ಕರೆಂಟಿನ ಕಂಬಗಳು ಗದ್ದೆಯುದ್ದಕ್ಕೂ ಮಲಗಿದ್ದವು. ಯಾರ ಜೀವಕ್ಕೂ ಏನೂ ಆಗಲಿಲ್ಲವಲ್ಲ ಎಂದು ಊರು ಸಮಾಧಾನಪಟ್ಟುಕೊಂಡಿತು. ಸ್ವಲ್ಪ ಬೇಗ ಸಮಾಧಾನಪಟ್ಟುಕೊಂಡೆವು.

ಕರೆಂಟಿಲ್ಲದೆ ಒಂದು ದಿನ, ಎರಡು ದಿನ, ಐದು ದಿನ. ದೀಪವಿಲ್ಲ ಅಂತ ನಮ್ಮವರು ಯಾರೂ ಗೊಣಗಲಿಲ್ಲ, ಬುಡ್ಡಿ ದೀಪ ಅಭ್ಯಾಸ ಇತ್ತು. ಗೊಣಗಿದ್ದು ಹಿಟ್ಟಿಗೆ. ಮನೆಮನೆಯ ಡಬ್ಬದಲ್ಲೂ ರಾಗಿಹಿಟ್ಟು ತಳ ಕಂಡಿತು. ಅಟ್ಟದ ಮೂಲೆಯಿಂದ, ಬಚ್ಚಲಿನ ಮೆಟ್ಟಿಲಿನಿಂದ ಬೀಸೋಕಲ್ಲುಗಳು ಎದ್ದು ಬಂದವು. ಮಿಲ್ಲು ಬಂದ ಮೇಲೆ ಮದುವೆಯಾಗಿ ಬಂದ ಸೊಸೆಯಂದಿರಿಗೆ ಬೀಸಿ ಅಭ್ಯಾಸವಿಲ್ಲ, ಅಂಗೈಯಲ್ಲಿ ಬೊಬ್ಬೆ ಎದ್ದು ಅತ್ತೆಯರ ಜೊತೆ ಜಗಳ. ಗಂಡಸರು "ಅನ್ನ ತಿಂದ್ರೆ ಹೊಟ್ಟೆಲಿ ನಿಲ್ಲಕಿಲ್ಲ ಕಣೋ, ಗೇಯೋದು ಹೆಂಗೆ?" ಅಂತ ನನ್ನ ಮಿಲ್ಲಿನ ಜಗಲಿಗೆ ಬಂದು ಕೂರುತ್ತಿದ್ದರು. ಏಳನೇ ದಿನಕ್ಕೆ ರಾಗಿ ಚೀಲಗಳು ಮಿಲ್ಲಿನ ಬಾಗಿಲಿಂದ ರಸ್ತೆವರೆಗೆ ಸಾಲು ನಿಂತವು. ಕರೆಂಟು ಬಂದ ಕೂಡಲೇ ತಮ್ಮದು ಮೊದಲಾಗಲಿ ಅಂತ.

"ಯಾವಾಗ ಬರ್ತದೆ ಶಿವಣ್ಣ?" ಎಂದು ಎಲ್ಲರೂ ನನ್ನನ್ನೇ ಕೇಳುತ್ತಿದ್ದರು. ಕರೆಂಟು ನನ್ನ ಜೇಬಿನಲ್ಲಿದ್ದ ಹಾಗೆ ನಾನೂ ಉತ್ತರ ಹೇಳುತ್ತಿದ್ದೆ. "ನಾಳೆ ಮಧ್ಯಾಹ್ನದೊಳಗೆ ಹಾಕ್ಸ್ತೀನಿ, ನೋಡ್ತಾ ಇರಿ." ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನನಗೆ ಒಳಗೊಳಗೇ ಖುಷಿ ಇತ್ತು. ಊರಿನಲ್ಲಿ ನನ್ನ ಮಾತಿಗೆ ಅಷ್ಟು ಜನ ಕಿವಿ ಕೊಟ್ಟಿದ್ದು ಅದೇ ಮೊದಲು. ಆ ಖುಷಿಯ ವಿಷಯ ಈವರೆಗೆ ಯಾರ ಹತ್ತಿರವೂ ಹೇಳಿಲ್ಲ.

ಈರಣ್ಣನ ಬಗ್ಗೆ ಹೇಳಬೇಕು. ನನಗಿಂತ ಐದಾರು ವರ್ಷ ದೊಡ್ಡವನು. ಉದ್ದಕ್ಕೆ, ಒಣಕಲು ಮೈ, ಹಣೆ ಮೇಲೆ ವಿಭೂತಿ, ಹೆಗಲ ಮೇಲೆ ಹಗ್ಗದ ಸುರುಳಿ, ಸೈಕಲ್ಲಿಗೆ ಕಟ್ಟಿದ ಬಿದಿರೇಣಿ. ಹನ್ನೆರಡು ಹಳ್ಳಿಗೆ ಅವನೊಬ್ಬನೇ. ಆ ಒಂಬತ್ತು ದಿನ ಅವನು ಮನೆ ಮುಖ ನೋಡಿರಲಿಲ್ಲ. ಬಿದ್ದ ಕಂಬ ಎತ್ತಲು ಊರೂರಿನ ಗಂಡಸರನ್ನು ಒಟ್ಟು ಮಾಡಿ, ಎಲ್ಲರಿಗಿಂತ ಮುಂದೆ ತಾನೇ ಹೆಗಲು ಕೊಟ್ಟು, ಯಾರ ಮನೆಯಲ್ಲಿ ತಟ್ಟೆ ಹಾಕಿದರೆ ಅಲ್ಲೇ ಉಂಡು, ಅಲ್ಲೇ ಜಗಲಿಯಲ್ಲಿ ಮಲಗುತ್ತಿದ್ದ.

ಒಂಬತ್ತನೇ ದಿನ ಬೆಳಿಗ್ಗೆ ನಮ್ಮ ಮನೆಯಲ್ಲೇ ತಿಂಡಿ. ಜಯ ಅಕ್ಕಿರೊಟ್ಟಿ ಬಡಿಸಿದಳು. "ಮೇನ್ ಲೈನು ರೆಡಿ ಆಗೈತೆ ಕಣ್ ಶಿವಣ್ಣ. ಇನ್ನು ನಿಮ್ಮೂರಿನ ಒಳಗಿನ ತಂತಿ ಕೂಡ್ಸೋದೊಂದು ಬಾಕಿ. ಕೆರೆ ಕೆಳಗ್ಲ ಗದ್ದೇಲಿ ಮೂರು ಕಂಬ. ಸಂಜೆಗೆ ಮುದ್ದೆ ತಿನ್ನೀಯಂತೆ" ಅಂದ. ಕೈ ತೊಳೆದುಕೊಂಡು ನನ್ನ ಜೊತೆಯೇ ಮಿಲ್ಲಿನವರೆಗೆ ನಡೆದುಬಂದ. ಹ್ಯಾಂಡಲ್ ಕೆಳಗೆಳೆದ. ಲಕ್ಕಿ ಸೊಪ್ಪು ಮುರಿದ. ನನ್ನ ಕಣ್ಣೆದುರಿಗೆ, ನನ್ನಿಂದ ನಾಲ್ಕು ಮಾರು ದೂರದಲ್ಲಿ ನಿಂತು, ಎರಡು ಸುತ್ತು ಸುತ್ತಿ ಕಟ್ಟಿದ. ಕೆರೆ ಏರಿಯ ಮೇಲೆ ಕಾಯುತ್ತಿದ್ದ ಇಬ್ಬರು ಆಳುಗಳನ್ನು ತಂತಿ ಎಳೆಯಲು ಕರೆದುಕೊಂಡು ಇಳಿದು ಹೋದ.

ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಪಾಳ್ಯದ ಕಡೆಯಿಂದ ಬಂದವನೊಬ್ಬ "ನಮ್ಮಲ್ಲಿ ಆಗ್ಲೇ ಕರೆಂಟ್ ಬಂದೈತೆ, ಮಿಲ್ಲು ಓಡ್ತಾ ಐತೆ" ಅಂದುಬಿಟ್ಟ. ಜಗಲಿಯ ಮೇಲೆ ಹಾಕು ಹಾಕು ಎಂದು ಗಲಾಟೆ ಎದ್ದಿತು. ಇಬ್ಬರು ತಮ್ಮ ಚೀಲ ಎತ್ತಿ ತಲೆ ಮೇಲಿಟ್ಟುಕೊಂಡರು, ಪಾಳ್ಯಕ್ಕೇ ಹೋಗ್ತೀವಿ ಅಂತ. "ಏನ್ ಶಿವಣ್ಣ, ಮಧ್ಯಾಹ್ನಕ್ಕೆ ಹಾಕ್ಸ್ತೀನಿ ಅಂದಿದ್ದೆ" ಎಂದು ಒಬ್ಬ ನಕ್ಕ. ಆ ನಗು ನನಗೆ ಚುಚ್ಚಿತು. ಅಷ್ಟರಲ್ಲಿ ಈರಣ್ಣನ ಜೊತೆ ಹೋಗಿದ್ದ ಆಳುಗಳಲ್ಲಿ ಒಬ್ಬ ಉಣ್ಣಲು ಮನೆ ಕಡೆ ಹೊರಟವನು ರಸ್ತೆಯಲ್ಲಿ ಕಂಡ. "ಆಯ್ತೇನೋ ಕೆಲ್ಸ?" ಎಂದು ಕೂಗಿದೆ. "ಆದಂಗೇ" ಎಂದು ನಿಲ್ಲದೆ ಹೋದ. ಆದಂಗೇ ಅಂದರೆ ಆಯಿತು ಅಂತಲ್ಲ. ನಮ್ಮೂರ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ.

ಕೆರೆ ಕೆಳಗಿನ ಗದ್ದೆಗೆ ಹತ್ತು ನಿಮಿಷದ ದಾರಿ. ಯಾರನ್ನಾದರೂ ಓಡಿಸಬಹುದಿತ್ತು. ನಾನೇ ಹೋಗಬಹುದಿತ್ತು. ನಾನು ಕಂಬದ ಹತ್ತಿರ ಹೋದೆ.

ಮಿಲ್ಲಿನ ಎದುರು ಮನೆಯ ನಿಂಗಜ್ಜಿ ಆಗ ಅಲ್ಲೇ ಬೇಲಿ ಮೇಲೆ ಬಟ್ಟೆ ಹರವುತ್ತಿದ್ದಳು. ಒಂಟಿ ಮುದುಕಿ. ಹತ್ತಿರ ಇದ್ದವಳು ಅವಳೊಬ್ಬಳೇ, ಉಳಿದವರೆಲ್ಲ ಜಗಲಿಯಲ್ಲಿ ಚೀಲದ ಸಾಲಿಗೆ ಕಿತ್ತಾಡುತ್ತಿದ್ದರು.

"ಲೋ ಶಿವ, ಸೊಪ್ಪು ಕಟ್ಟೈತೆ ನೋಡ್ಲಾ" ಅಂದಳು.

"ಗಾಳಿಗೆ ಮೆತ್ಕೊಂಡಿರೋದು ಕಣಜ್ಜಿ. ಎಲ್ಲಾ ಕಡೆನೂ ಮೆತ್ಕೊಂಡೈತಲ್ಲ" ಅಂದೆ.

ಗಾಳಿ ಬಂದು ಒಂಬತ್ತು ದಿನವಾಗಿತ್ತು. ಗಾಳಿ ಮೆತ್ತಿದ ಎಲೆಯೆಲ್ಲ ಒಣಗಿ ಕಪ್ಪಾಗಿತ್ತು. ಈ ಸೊಪ್ಪು ಹಸಿಯಾಗಿತ್ತು. ಬಾಳೆನಾರು ಒದ್ದೆಯಾಗಿ ಬಿಗಿದುಕೊಂಡಿತ್ತು, ಉಗುರಿಗೆ ಬಿಚ್ಚಲು ಬರಲಿಲ್ಲ. ಬಗ್ಗಿ ಹಲ್ಲಿನಲ್ಲಿ ಕಚ್ಚಿ ಎಳೆದೆ. ಲಕ್ಕಿ ಸೊಪ್ಪಿನ ಘಾಟು ಮೂಗು ಬಾಯಿಗೆಲ್ಲ ತುಂಬಿಕೊಂಡಿತು. ಈರಣ್ಣ ಕೆಲಸ ಮುಗಿಸಿ, ಬಿಚ್ಚುವುದನ್ನು ಮರೆತು, ಯಾರದೋ ಮನೆಗೆ ಉಣ್ಣಲು ಹೋಗಿದ್ದಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಅವನು ಅಷ್ಟು ವರ್ಷದಲ್ಲಿ ಒಂದು ದಿನವೂ ಮರೆತವನಲ್ಲ ಅನ್ನುವುದು ಗೊತ್ತಿತ್ತು. ಸೊಪ್ಪನ್ನು ಚರಂಡಿಗೆ ಎಸೆದು ಹ್ಯಾಂಡಲ್ ಮೇಲಕ್ಕೆ ತಳ್ಳಿದೆ.

ಮಿಲ್ಲಿನ ಬಲ್ಬು ಹತ್ತಿತು. ಜಗಲಿಯಿಂದ ಹೋ ಎಂದು ಕೂಗಿದರು. ಒಂದು ಕ್ಷಣ ನನಗಾದಷ್ಟು ಹೆಮ್ಮೆ ಮದುವೆಯ ದಿನವೂ ಆಗಿರಲಿಲ್ಲ. ತಕ್ಷಣ ಟಿಸಿಯಲ್ಲಿ ಢಬ್ ಎಂದು ಫ್ಯೂಸು ಹಾರಿ ಬಲ್ಬು ಕೆಂಪಾಗಿ ಆರಿತು. ಆಮೇಲೆ ಕೆರೆ ಕೆಳಗಿನಿಂದ ಉಳಿದಿದ್ದ ಆಳಿನ ಕೂಗು.

ಎಲ್ಲರೂ ಓಡಿದೆವು. ಈರಣ್ಣ ಗದ್ದೆಯ ಕೆಸರಿನಲ್ಲಿ ಮಗ್ಗುಲಾಗಿ ಬಿದ್ದಿದ್ದ. ಬಲಗೈ ಸುಟ್ಟು ಕರಿಕಾಗಿತ್ತು. ಉಸಿರಿತ್ತು. ಅವನ ಬಿದಿರೇಣಿಯ ಮೇಲೆಯೇ ಅವನನ್ನು ಮಲಗಿಸಿ ಹೊತ್ತು ತಂದು ಎಸ್ಟೇಟಿನ ಜೀಪಿಗೆ ಹಾಕಿದೆವು. ದಾರಿಯಲ್ಲಿ ಇನ್ನೂ ಮರಗಳು ಬಿದ್ದಿದ್ದವು. ನಾಲ್ಕು ಜನ ಕತ್ತಿ ಹಿಡಿದು ಮುಂದೆ ಮುಂದೆ ಕೊಂಬೆ ಸವರುತ್ತಾ ಓಡಬೇಕು, ಹಿಂದೆ ಜೀಪು. ಸಕಲೇಶಪುರದ ಆಸ್ಪತ್ರೆ ಮುಟ್ಟಲು ಮೂರು ಗಂಟೆ ಹಿಡಿಯಿತು. ಅವನ ತಲೆ ನನ್ನ ತೊಡೆಯ ಮೇಲಿತ್ತು. ಅರ್ಧ ದಾರಿಯಲ್ಲಿ ಕಣ್ಣು ಬಿಟ್ಟು "ಸೊಪ್ಪು ಕಟ್ಟಿದ್ನಲ್ಲ ಶಿವಣ್ಣ" ಅಂದ. "ಮಾತಾಡ್ಬೇಡ, ಸುಮ್ಕಿರು" ಅಂದೆ. ಜೀಪಿನಲ್ಲಿದ್ದವರು ನಾನು ಅವನಿಗೆ ಧೈರ್ಯ ಹೇಳುತ್ತಿದ್ದೇನೆ ಎಂದುಕೊಂಡರು.

ಅಲ್ಲಿಂದ ಹಾಸನಕ್ಕೆ ಕರೆದುಕೊಂಡು ಹೋದರು. ಜೀವ ಉಳಿಯಿತು. ಬಲಗೈಯನ್ನು ಮೊಣಕೈವರೆಗೆ ತೆಗೆದರು.

ಮಾರನೆ ದಿನ ಸಂಜೆ ನಾನು ಚರಂಡಿಗಿಳಿದು ಆ ಸೊಪ್ಪಿನ ಕಟ್ಟನ್ನು ಹುಡುಕಿ ತಂದು ಬಚ್ಚಲಿನ ಒಲೆಗೆ ಹಾಕಿದೆ. ಹಸಿ ಸೊಪ್ಪು, ಉರಿಯದೆ ಹೊಗೆ ತುಂಬಿತು. ಜಯ ಕೆಮ್ಮುತ್ತಾ ಬಂದು "ಹಸಿ ಸೊಪ್ಪು ಯಾಕ್ರೀ ಒಲೆಗೆ ಹಾಕ್ತೀರ?" ಅಂದಳು. ನನ್ನ ಮುಖ ನೋಡಿದಳು. ಮತ್ತೆ ಕೇಳಲಿಲ್ಲ. ಅವಳು ಸಾಯುವವರೆಗೂ ಕೇಳಲಿಲ್ಲ.

ವಾರದ ಮೇಲೆ ವಿಚಾರಣೆಗೆ ಒಬ್ಬ ಸಾಹೇಬರು ಬಂದರು. ಮಿಲ್ಲಿನ ಬೆಂಚಿನ ಮೇಲೆ ಕೂತು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಬರೆದುಕೊಂಡರು. ಲೈನ್‌ಮ್ಯಾನ್ ತಾನು ಸೊಪ್ಪು ಕಟ್ಟಿದ್ದೆ ಅನ್ನುತ್ತಾನೆ, ಇತ್ತೋ ಇಲ್ಲವೋ, ಅಷ್ಟು ಹೇಳಿ ಅಂದರು. "ಕಟ್ಟಿದ್ದು ನಾನ್ ನೋಡ್ಲಿಲ್ಲ ಸಾರ್. ಗಾಳಿಗೆ ಎಲೆ ಎಲ್ಲಾ ಕಡೆ ಮೆತ್ಕೊಂಡಿತ್ತು. ಕೆಲ್ಸ ಮುಗೀತು ಅಂತ ಆಳು ಹೇಳ್ದ, ಹಾಕ್ದೆ" ಅಂದೆ. ಬಾಯಿ ಒಂದು ಕಡೆಯೂ ತೊದಲಲಿಲ್ಲ. ಜಗಲಿಯಲ್ಲಿದ್ದವರನ್ನು ಕೇಳಿದರು. "ನಾವ್ಯಾರೂ ನೋಡ್ಲಿಲ್ಲ ಸಾಮಿ" ಅಂದರು. ಅದು ಸುಳ್ಳಲ್ಲ, ಅವರು ನೋಡಿರಲಿಲ್ಲ. ಆದರೆ ಹಾಕು ಹಾಕು ಎಂದು ಕೂಗಿದವರು ಅವರೇ, ಅದನ್ನು ಅವರೂ ಹೇಳಲಿಲ್ಲ. ಕೊನೆಗೆ ಎದುರು ಮನೆಯ ನಿಂಗಜ್ಜಿಯನ್ನು ಕರೆಸಿದರು. ಅವಳು ಸೆರಗು ಹೊದ್ದುಕೊಂಡು ಬಂದು ನಿಂತಳು. ನನ್ನನ್ನು ನೋಡಿದಳು, ಬಹಳ ಹೊತ್ತು.

"ನಂಗೆ ಕಣ್ಣು ಮಂಜು ಸಾಮಿ. ಏನೂ ಕಾಣಕಿಲ್ಲ" ಅಂದಳು.

ಬೇಲಿಯಲ್ಲಿ ಕೂತ ಹಕ್ಕಿಯ ಜಾತಿ ಹೇಳುವ ಕಣ್ಣು ಅವಳದು. ನಾನು ಹುಟ್ಟಿದಾಗ ನನ್ನ ಹೊಕ್ಕುಳಬಳ್ಳಿ ಕೊಯ್ದವಳು ಅವಳೇ ಅಂತೆ. ಅದಕ್ಕೇ ಹಾಗೆ ಹೇಳಿದಳೋ, ಊರಿನ ಮಾತು ಮೀರಲಾರದೆ ಹೇಳಿದಳೋ ಗೊತ್ತಿಲ್ಲ. ಈರಣ್ಣನ ಅಜಾಗರೂಕತೆ ಎಂದು ಬರೆದುಕೊಂಡು ಹೋದರು. ಅವನ ಲೈನಿನ ಕೆಲಸ ಹೋಯಿತು. ಯಾವುದೋ ಊರಿನ ಆಫೀಸಿನಲ್ಲಿ ಬಂದವರಿಗೆ ನೀರು ಕೊಡುವ ಕೆಲಸಕ್ಕೆ ಹಾಕಿದರಂತೆ, ಎಡಗೈಯಲ್ಲಿ.

ಮಿಲ್ಲು ಮತ್ತೆ ಶುರುವಾಯಿತು. ಊರು ಮುದ್ದೆ ಉಂಡಿತು. ನಿಂಗಜ್ಜಿ ಮಾತ್ರ ನನ್ನ ಮಿಲ್ಲಿಗೆ ಮತ್ತೆ ರಾಗಿ ತರಲಿಲ್ಲ. ನಾನು ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಎದುರು ಮನೆಯಿಂದ ಬೀಸೋಕಲ್ಲಿನ ಗರಗರ ಕೇಳುತ್ತಿತ್ತು. ಎಪ್ಪತ್ತು ದಾಟಿದ ಮುದುಕಿ, ತನಗೊಬ್ಬಳಿಗೆ ದಿನಕ್ಕೊಂದು ಪಾವು ಬೀಸಿಕೊಳ್ಳುತ್ತಿದ್ದಳು. ಒಂದು ದಿನ ತಡೆಯಲಾರದೆ ಹೋಗಿ "ಯಾಕಜ್ಜಿ ಕೈ ನೋಯ್ಸ್ಕೊಳ್ತೀಯ? ಕೊಡು, ನಾನೇ ಬೀಸಿ ತಂದ್ಕೊಡ್ತೀನಿ" ಅಂದೆ. ಕಲ್ಲು ನಿಲ್ಲಿಸದೆ, "ಆ ಹಿಟ್ಟು ಗಂಟ್ಲಲ್ಲಿ ಇಳಿಯಕಿಲ್ಲ ಕಣ್ ಮಗ" ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಮಗ ಅಂದಳಲ್ಲ, ಅದು ಇವತ್ತಿಗೂ ಸುಡುತ್ತದೆ.

ಹೇಳಿಬಿಡಬೇಕು ಎಂದು ಎಷ್ಟೋ ಸಲ ಹೊರಟಿದ್ದೇನೆ. ಒಂದು ಸಲ ಈರಣ್ಣನ ಮನೆಗೆಂದು ಹೊರಟು ಆಲೂರಿನವರೆಗೆ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕುಡಿದು ವಾಪಸ್ಸು ಬಂದೆ. ಮಗಳಿಗೆ ಪರೀಕ್ಷೆ ಇರುವಾಗ ಬೇಡ, ಜಯಳಿಗೆ ಹುಷಾರಿಲ್ಲದಾಗ ಬೇಡ, ಹೀಗೆ ನೆಪಕ್ಕೇನು ಬರವಿಲ್ಲ. ಹೇಡಿಗೆ ಪಂಚಾಂಗದಲ್ಲಿ ಒಳ್ಳೆಯ ದಿನವೇ ಸಿಗುವುದಿಲ್ಲ.

ನಾಲ್ಕನೇ ವರ್ಷ, ಮಳೆಗಾಲಕ್ಕೆ ಮುಂಚೆ, ಈರಣ್ಣನೇ ಬಂದ. ನಮ್ಮೂರಿನ ಒಂದು ಮದುವೆಗೆ ಬಂದವನು ಉಂಡು ನೇರ ಮಿಲ್ಲಿಗೆ ಬಂದ. ಅಂಗಿಯ ಬಲತೋಳನ್ನು ಮಡಿಸಿ ಪಿನ್ನು ಹಾಕಿದ್ದ. ಇನ್ನೂ ಒಣಗಿದ್ದ. ನನ್ನ ಕೈಲಿದ್ದ ಮೊರ ಕೆಳಗೆ ಬಿತ್ತು. ಈಗ ಕೊರಳಪಟ್ಟಿ ಹಿಡಿದು ಕೇಳುತ್ತಾನೆ, ಕೇಳಿಬಿಡಲಿ, ಮುಗಿದುಹೋಗಲಿ ಎಂದು ನಿಂತೆ.

ಅವನು ಬೆಂಚಿನ ಮೇಲೆ ಕೂತು ನೀರು ಕೇಳಿ ಕುಡಿದ. ನನ್ನ ಮಗಳು ಎಷ್ಟನೇ ಕ್ಲಾಸು ಅಂತ ವಿಚಾರಿಸಿದ. ಆಮೇಲೆ ತಲೆ ತಗ್ಗಿಸಿಕೊಂಡು ಹೇಳಿದ:

"ಶಿವಣ್ಣ, ಒಂದ್ ಮಾತು ಕೇಳ್ಬೇಕು ಅಂತ್ಲೇ ಬಂದೆ. ಬೇಜಾರು ಮಾಡ್ಕೋಬೇಡ. ಆವತ್ತು ನಾನು ಸೊಪ್ಪು ಕಟ್ಟಿದ್ದೆ ಅಂತ ಎಲ್ಲರ ಹತ್ರಾನೂ ಹೇಳ್ಕೊಂಡು ತಿರುಗ್ದೆ. ಆಫೀಸಲ್ಲಿ ಹೇಳ್ದೆ, ಮನೇಲಿ ಹೇಳ್ದೆ, ದೇವ್ರ ಮುಂದೆ ಆಣೆ ಇಟ್ಟೆ. ಆದ್ರೆ ಇಡೀ ಊರೇ ಇಲ್ಲ ಅಂದ್ಮೇಲೆ... ಒಂಬತ್ತು ದಿನ ನಿದ್ದೆ ಇರ್ಲಿಲ್ಲ ನೋಡು ನಂಗೆ. ಹಿಂದಿನ ದಿನ ಬೇರೆ ಊರಲ್ಲಿ ಕಟ್ಟಿದ್ದನ್ನೇ ಇಲ್ಲಿ ಕಟ್ಟಿದ್ದು ಅಂದ್ಕೊಂಡ್ನೋ ಏನೋ. ಈಗೀಗ ನಂಗೇ ಗ್ಯಾರಂಟಿ ಇಲ್ಲ ಮಾರಾಯ. ರಾತ್ರಿ ಎಲ್ಲಾ ಅದೇ ಕೊರೀತದೆ. ನೀನು ಹತ್ರ ಇದ್ದೋನು. ನೀನು ಹೇಳು. ಕಟ್ಟಿದ್ನಾ?"

ಮಿಲ್ಲಿನಲ್ಲಿ ನಾವಿಬ್ಬರೇ. ಮೋಟಾರು ನಿಂತಿತ್ತು. ನನ್ನ ಒಂದು 'ಹೂಂ' ಸಾಕಾಗಿತ್ತು. ಕೈ ವಾಪಸ್ಸು ಬರುತ್ತಿರಲಿಲ್ಲ, ಕೆಲಸವೂ ಬರುತ್ತಿರಲಿಲ್ಲವೇನೋ. ಆದರೆ ಅವನ ಬುದ್ಧಿ ಅವನಿಗೆ ವಾಪಸ್ಸು ಸಿಗುತ್ತಿತ್ತು. ತನ್ನ ಕೈಯನ್ನು ತಾನೇ ಕಳೆದುಕೊಂಡೆ ಅನ್ನುವ ಕೊರಗು ಆ ಬೆಂಚಿನ ಮೇಲೇ ಇಳಿದುಹೋಗುತ್ತಿತ್ತು.

"ನಂಗೂ ಸರ್ಯಾಗಿ ನೆನಪಿಲ್ಲ ಈರಣ್ಣ" ಅಂದೆ.

ಅವನು ತಲೆ ಆಡಿಸಿದ. ಎದ್ದು ನಿಂತು, ಉಳಿದಿದ್ದ ಎಡಗೈಯನ್ನು ನನ್ನ ಭುಜದ ಮೇಲಿಟ್ಟ. "ಹಂಗಾದ್ರೆ ನಾನೇ ಮರ್ತಿರ್ಬೇಕು ಬಿಡು. ಸುಮ್ನೆ ನಿನ್ನ ಮೇಲೆ ನಾಲ್ಕು ವರ್ಷ ಅನುಮಾನ ಇಟ್ಕೊಂಡಿದ್ದೆ ಶಿವಣ್ಣ. ತಪ್ಪಾಯ್ತು, ಹೊಟ್ಟೆಗಾಕ್ಕೋ" ಅಂದ. ಅವನ ಕಣ್ಣಲ್ಲಿ ನೀರಿತ್ತು.

ಅದಾದ ಎರಡು ವರ್ಷಕ್ಕೆ ಈರಣ್ಣ ಎದೆನೋವಿನಿಂದ ತೀರಿಕೊಂಡ. ಆವತ್ತು ಮಿಲ್ಲಿನಲ್ಲಿ ಅವನ ಕೈ ನನ್ನ ಭುಜದ ಮೇಲಿರುವಾಗ ನಾನು ಏನು ಹೇಳಿದೆ ಎನ್ನುವುದನ್ನೂ ಬರೆದುಬಿಡುತ್ತೇನೆ.

"ಪರವಾಗಿಲ್ಲ ಬಿಡು ಈರಣ್ಣ" ಅಂದೆ.